ಅಕ್ಕನ ಬೂತು

ನನ್ನ ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿಜಯನಗರದಲ್ಲಿ ಒಂದು ಹಳದಿ ಬೋರ್ಡಿನ ಮೇಲೆ ಅದನ್ನು ಕೆಂಪು ಬಣ್ಣದಲ್ಲಿ ಬರೆಸಿ, ಅದರ ಕೆಳಗೆ ನಾನು ಕೂತಿದ್ದೆ. ಅವಳ ಹೆಸರನ್ನು ನಾನು ಬಳಸಿಕೊಂಡಿದ್ದು ಅಷ್ಟೇ ಸಾಕು.

ಅವಳು ತೀರಿಕೊಂಡು ವರ್ಷವಾಗುತ್ತಾ ಬಂತು. ರಾಜಾಜಿನಗರದ ಅಂಗವಿಕಲರ ಸಂಘದವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. "ಅಕ್ಕನ ಬೆನ್ನಿಗೆ ನಿಂತವರು ನೀವು, ನಾಲ್ಕು ಮಾತು ಬರೆದುಕೊಡಿ" ಎಂದು ಕಾರ್ಯದರ್ಶಿಗಳು ಫೋನ್ ಮಾಡಿದರು. ನಾನು ಎಸ್ಸೆಸ್ಸೆಲ್ಸಿ ಫೇಲು, ಬರೆಯಲು ಬರುವುದಿಲ್ಲ ಎಂದೆ. "ಇದ್ದದ್ದನ್ನ ಇದ್ದ ಹಾಗೆ ಬರೀರಿ, ತಿದ್ದೋದು ನಾವು ತಿದ್ಕೋತೀವಿ" ಎಂದರು. ಮುಂದೆ ಇರುವುದನ್ನು ಅವರು ಹೇಗೆ ತಿದ್ದುತ್ತಾರೋ ನನಗೆ ಗೊತ್ತಿಲ್ಲ.

ಅಕ್ಕ ಮಗುವಾಗಿದ್ದಾಗಲೇ ಪೋಲಿಯೋ ಬಂದು ಎರಡು ಕಾಲುಗಳೂ ಸೋತಿದ್ದವು. ಮನೆಯೊಳಗೆ ಕೈಯೂರಿಕೊಂಡು ಸರಿದಾಡುತ್ತಿದ್ದಳು. ಹೊರಗೆ ಹೋಗಲು ಯಾವುದೋ ಕ್ಯಾಂಪಿನಲ್ಲಿ ಕೊಟ್ಟ ಮೂರು ಗಾಲಿಯ ಸೈಕಲ್ ಇತ್ತು, ಪೆಡಲನ್ನು ಕೈಯಲ್ಲಿ ತಿರುಗಿಸುವಂಥದ್ದು. ಅದನ್ನು ತಿರುಗಿಸಿ ತಿರುಗಿಸಿ ಅವಳ ತೋಳುಗಳು ಗಟ್ಟಿಯಾಗಿದ್ದವು. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಯಾರ ಮನೆಯ ಡಬ್ಬಿಯ ಮುಚ್ಚಳ ಬಿಗಿಯಾದರೂ ಅದು ನಮ್ಮ ಮನೆಗೆ ಬರುತ್ತಿತ್ತು. ಉಪ್ಪಿನಕಾಯಿ ಜಾಡಿ, ಹಾರ್ಲಿಕ್ಸ್ ಬಾಟಲಿ, ಒಮ್ಮೆ ಕುಕ್ಕರ್. "ಗಂಡಸ್ರೆಲ್ಲ ಟ್ರೈ ಮಾಡಾಯ್ತು ಕಣೇ" ಎನ್ನುತ್ತಾ ಹೆಂಗಸರು ತಂದುಕೊಡುತ್ತಿದ್ದರು. ಅಕ್ಕ ಟೀವಿಯಿಂದ ಕಣ್ಣು ತೆಗೆಯದೆ ತಿರುಗಿಸಿ ವಾಪಸ್ ಕೊಡುತ್ತಿದ್ದಳು.

ನಾವಿಬ್ಬರೂ ಓದಿದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕೆಳಗೆ, ಎಂಟನೇ ಕ್ಲಾಸಿನಿಂದ ಮಹಡಿಯ ಮೇಲೆ. ಹಾಗಾಗಿ ಅಕ್ಕನ ವಿದ್ಯಾಭ್ಯಾಸ ನೆಲಮಹಡಿಯಲ್ಲೇ ಮುಗಿಯಿತು. ಅವಳನ್ನು ಬಿಡಿಸಿದ್ದೇವೆ ಎಂದು ಯಾರಿಗೂ ಅನ್ನಿಸಲಿಲ್ಲ. ಕಟ್ಟಡ ಇದ್ದದ್ದೇ ಹಾಗೆ. ನನಗೆ ಎರಡು ಕಾಲೂ ಚೆನ್ನಾಗಿದ್ದವು. ಮಹಡಿ ಹತ್ತಿದೆ, ಫೇಲಾದೆ, ಇಳಿದು ಬಂದೆ.

ಅವಳಿಗೆ ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಲು ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಕಾಲು ಅಳೆದು ಶೇಕಡಾ ಇಷ್ಟು ಎಂದು ಬರೆದುಕೊಟ್ಟರು. ಆ ಅಂಕಿ ದೊಡ್ಡದಾಗಿಯೇ ಇತ್ತು. ಮನೆಗೆ ಬಂದ ಅಕ್ಕ ಅಮ್ಮನಿಗೆ ಹೇಳಿದಳು: "ನಮ್ಮನೇಲಿ ಫಸ್ಟ್ ಕ್ಲಾಸ್ ಬಂದಿರೋದು ನಾನೊಬ್ಳೇ ಕಣಮ್ಮ. ಏನಾದ್ರೂ ಸಿಹಿ ಮಾಡು." ಅಮ್ಮ ಅತ್ತರು. ಆಮೇಲೆ ಕೇಸರಿಬಾತ್ ಮಾಡಿದರು.

ಆ ಸರ್ಟಿಫಿಕೇಟಿನಿಂದಲೇ ಬೂತು ಬಂದದ್ದು. ಎರಡು ಸಾವಿರದ ಇಸವಿಯ ಆಸುಪಾಸು ಅದು. ಮೊಬೈಲ್ ಇನ್ನೂ ದೊಡ್ಡವರ ಸೊಂಟದಲ್ಲಿ ಮಾತ್ರ ಇತ್ತು. ಮಿಕ್ಕವರೆಲ್ಲ ಎಸ್‌ಟಿಡಿ ಬೂತಿಗೆ ಬಂದು, ಗಾಜಿನ ಪೆಟ್ಟಿಗೆಯೊಳಗೆ ನಿಂತು, ಓಡುತ್ತಿರುವ ಮೀಟರ್ ನೋಡುತ್ತಾ ಮಾತಾಡುತ್ತಿದ್ದರು. ಅಂಗವಿಕಲರು ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಸರ್ಕಾರದವರು ಇಂಥ ಬೂತುಗಳನ್ನು ಕೊಡುವಾಗ ಅವರಿಗೇ ಮೊದಲ ಆದ್ಯತೆ ಕೊಡುತ್ತಿದ್ದರು. ಅಪ್ಪ ಮಗ್ಗದ ಕೆಲಸಕ್ಕೆ ರಜೆ ಹಾಕಿ ಹಾಕಿ ಆಫೀಸುಗಳನ್ನು ಸುತ್ತಿ ಅಕ್ಕನ ಹೆಸರಿಗೆ ಒಂದನ್ನು ತಂದರು. ವಿಜಯನಗರದ ಬಸ್ ನಿಲ್ದಾಣದಿಂದ ಚಂದ್ರಾ ಲೇಔಟ್ ಕಡೆ ಹೋಗುವ ರಸ್ತೆಯಲ್ಲಿ, ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹಾಕಿ ಎತ್ತರಿಸಿ, ಅದರ ಮೇಲೆ ತಗಡಿನ ಬೂತು ಕೂರಿಸಿದರು. ಹತ್ತಲು ಎರಡು ಎತ್ತರದ ಮೆಟ್ಟಿಲು. ಅಂಗವಿಕಲರ ಬೂತಿಗೆ ಮೆಟ್ಟಿಲು ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಮಳೆ ನೀರು ಒಳಗೆ ಬರಬಾರದಲ್ಲ.

"ಅವಳು ಕೆಲಸ ಕಲಿಯೋವರೆಗೂ ನೀನು ನೋಡ್ಕೊಳೋ" ಎಂದು ಅಪ್ಪ ನನ್ನನ್ನು ಕೂರಿಸಿದರು. ಬೂತಿನಲ್ಲಿ ಕಲಿಯಬೇಕಾದದ್ದು ಇಷ್ಟು: ಜನ ಮಾತಾಡಿ ಮುಗಿಸಿದ ಮೇಲೆ ಮಿಷನ್ನಿನಿಂದ ಬಿಲ್ ಬರುತ್ತದೆ, ಅದನ್ನು ಹರಿದು ಕೊಡಬೇಕು. ಇದನ್ನು ಕಲಿಯಲು ಅಕ್ಕನಿಗೆ ಬಹಳ ವರ್ಷ ಬೇಕಾಗುತ್ತದೆ ಎಂದು ನಾವೆಲ್ಲ ತೀರ್ಮಾನ ಮಾಡಿಕೊಂಡೆವು. ಅಪ್ಪ ತೀರಿಕೊಂಡ ಮೇಲೆ ಆ ವಿಷಯ ಎತ್ತುವವರೇ ಇರಲಿಲ್ಲ. ನಾನು ಕೂತೇ ಇದ್ದೆ. ಅಕ್ಕ ಮನೆಯಲ್ಲಿ ಅಮ್ಮನ ಜೊತೆ ಊದುಬತ್ತಿ ಹೊಸೆಯುತ್ತಿದ್ದಳು.

ಆದರೆ ವರ್ಷದಲ್ಲಿ ಒಂದೆರಡು ಸಲ ತಪಾಸಣೆ ಇರುತ್ತಿತ್ತು. ಅಂಗವಿಕಲರ ಬೂತಿನಲ್ಲಿ ಅಂಗವಿಕಲರೇ ಇದ್ದಾರೋ ಇಲ್ಲವೋ ನೋಡಲು ಸಾಹೇಬರು ಬರುತ್ತಿದ್ದರು. ಹಿಂದಿನ ದಿನವೇ ಲೈನ್‌ಮನ್ ಸುದ್ದಿ ಮುಟ್ಟಿಸುತ್ತಿದ್ದ. "ಗುರು, ನಾಳೆ ಇನ್ಸ್‌ಪೆಕ್ಷನ್. ಅಕ್ಕನ್ನ ಕರ್ಸು." ನಮ್ಮ ರಸ್ತೆಯಲ್ಲಿ ಇಂಥ ಬೂತುಗಳು ಇನ್ನೂ ಕೆಲವು ಇದ್ದವು. ಆ ದಿನ ಬೆಳಿಗ್ಗೆ ಒಂದೊಂದಾಗಿ ಆಟೋಗಳು ಬಂದು ನಿಲ್ಲುತ್ತಿದ್ದವು. ಬೂತುಗಳ ನಿಜವಾದ ಮಾಲೀಕರು ಇಳಿಯುತ್ತಿದ್ದರು. ಒಬ್ಬರು ಊರುಗೋಲಿನಲ್ಲಿ, ಒಬ್ಬರು ಮಗನ ಭುಜ ಹಿಡಿದು, ಒಬ್ಬರು ಹೆಂಡತಿಯ ಬೆನ್ನ ಮೇಲೆ. ದೂರದಿಂದಲೇ ಒಬ್ಬರಿಗೊಬ್ಬರು ಕೈಬೀಸಿ "ಚೆನ್ನಾಗಿದೀರಾ? ಹೋದ್ಸಲ ನೋಡಿದ್ದು" ಎಂದು ಮಾತಾಡಿಸುತ್ತಿದ್ದರು. ಸಂಜೆ ಮತ್ತೆ ಆಟೋಗಳು ಬರುತ್ತಿದ್ದವು. ಮಾರನೆಯ ದಿನದಿಂದ ರಸ್ತೆ ಮೊದಲಿನಂತೆ ನಮ್ಮಂಥವರದು.

ಅಕ್ಕ ಇದನ್ನು ಹೆಣ್ಣು ನೋಡುವ ಶಾಸ್ತ್ರ ಎಂದು ಕರೆಯುತ್ತಿದ್ದಳು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕನ್ನಡಿ ಮುಂದೆ ಕೂತು ಪೌಡರ್ ಹಚ್ಚಿಕೊಳ್ಳುವಳು.

"ಸಿಂಪಲ್ಲಾಗಿ ಬಾ ಅಕ್ಕ, ದಿನಾ ಬರೋಳ ಥರಾ ಕಾಣ್ಬೇಕು" ಎಂದರೆ, "ಲೋ, ನನ್ನನ್ನ ನೋಡೋಕೆ ಅಂತ ಬರೋರು ಇವರೊಬ್ರೇ ಕಣೋ. ಸುಮ್ನಿರು" ಎನ್ನುವಳು.

ನಾನು ಅವಳನ್ನು ಎತ್ತಿಕೊಂಡು ಆ ಎರಡು ಮೆಟ್ಟಿಲು ಹತ್ತಿ ಕುರ್ಚಿಯ ಮೇಲೆ ಕೂರಿಸುತ್ತಿದ್ದೆ. ಸಾಹೇಬರು ಬಗ್ಗಿ ಒಳಗೆ ನೋಡಿ ಕೇಳುತ್ತಿದ್ದರು:

"ಏನಮ್ಮಾ, ದಿನಾ ನೀವೇ ಕೂತ್ಕೋತೀರಾ?"

"ಹೌದು ಸಾರ್. ಇವನು ನನ್ನ ತಮ್ಮ. ಟೀಗೀ ತಂದುಕೊಡ್ತಾನೆ."

ಮನೆಗೆ ಹೋಗುವಾಗ ಆಟೋದಲ್ಲಿ, "ಸುಳ್ಳು ಹೇಳಿದೀನಿ, ಮಸಾಲೆ ದೋಸೆ ಕೊಡ್ಸು" ಎನ್ನುತ್ತಿದ್ದಳು. ಕೊಡಿಸುತ್ತಿದ್ದೆ. ದರ್ಶಿನಿಯಲ್ಲಿ ನಿಂತು ತಿನ್ನುವ ಟೇಬಲ್‌ಗಳೇ ಇದ್ದದ್ದರಿಂದ ಪಾರ್ಸೆಲ್.

ಅವಳು ಕೂತ ದಿನಗಳಲ್ಲಿ ಬೂತು ಬೇರೆ ಥರ ಇರುತ್ತಿತ್ತು ಎಂಬುದನ್ನು ಹೇಳಬೇಕು. ನಾನು ಮಾತು ಮುಗಿಸಿದವರ ಮುಖ ನೋಡದೆ ಬಿಲ್ ಹರಿಯುತ್ತಿದ್ದೆ. ಅಕ್ಕ ಎಲ್ಲರ ಸುದ್ದಿಯನ್ನೂ ಕೇಳುತ್ತಿದ್ದಳು. ಆಗ ನಮ್ಮ ಕಡೆ ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಹಳ ಜನ ಬಂದಿದ್ದರು. ಅವರಲ್ಲಿ ಬಾಗಲಕೋಟೆ ಕಡೆಯ ಗಾರೆ ಮೇಸ್ತ್ರಿ ಹನುಮಪ್ಪ ಒಬ್ಬ. ಅವನು ತನ್ನೂರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಹೆಂಡತಿಯನ್ನು ಕರೆಯಲು ಹೇಳಿ, ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಬೇಕಿತ್ತು. ಆ ನಡುವೆ ಅಕ್ಕ ಅವನನ್ನು ಮಾತಾಡಿಸುತ್ತಿದ್ದಳು. ಒಮ್ಮೆ ಅವನು ಗಾಜಿನ ಪೆಟ್ಟಿಗೆಯೊಳಗೆ ಫೋನ್ ಹಿಡಿದು ಅತ್ತುಬಿಟ್ಟ. ಅಕ್ಕ ಅವನ ಕಡೆ ನೋಡಲಿಲ್ಲ. ತನ್ನ ಕಡೆ ಇದ್ದ ಟೇಬಲ್ ಫ್ಯಾನನ್ನು ಅವನ ಕಡೆಗೆ ತಿರುಗಿಸಿ, ರಸ್ತೆ ನೋಡುತ್ತಾ ಕೂತಳು. ಆಮೇಲೆ ಅವನು ಬೂತಿಗೆ ಬಂದಾಗಲೆಲ್ಲ ಮೊದಲು ಇಣುಕಿ, "ಇವತ್ತ ಅಕ್ಕಾರ ಇಲ್ಲೇನ್ರೀ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಮುಂದಿನ ಬೂತಿಗೆ ಹೋಗುತ್ತಿದ್ದ.

ಹೀಗೆ ನಡೆಯುತ್ತಿರುವಾಗ ದೇಶದಲ್ಲಿ ಅಂಗವಿಕಲರ ರಾಷ್ಟ್ರೀಯ ನೀತಿ ಎಂಬುದು ಬಂತು. ಬಂದದ್ದು ನನಗೆ ಗೊತ್ತಾಗಲಿಲ್ಲ. ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಹೇಳಿದರು. ಅವರಿಗೆ ಕಣ್ಣು ಕಾಣುವುದಿಲ್ಲ, ಆದರೂ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಆ ನೀತಿಯನ್ನು ವಿವರಿಸಲು ರಾಜಾಜಿನಗರದ ಒಂದು ಹಾಲ್‌ನಲ್ಲಿ ಸಭೆ ಇದೆ, ಅಕ್ಕ ಬರಲೇಬೇಕು ಎಂದರು. ಹಾಲ್ ಮೊದಲ ಮಹಡಿಯಲ್ಲಿತ್ತು. ಕಾಲೇಜಿನ ಹುಡುಗರು ಎಲ್ಲರನ್ನೂ ಕುರ್ಚಿ ಸಮೇತ ಎತ್ತಿ ಮೇಲೆ ಸಾಗಿಸಿದರು. ನಾನು ಕೆಳಗೆ ಸೈಕಲ್ ಕಾಯುತ್ತಾ ನಿಂತಿದ್ದೆ.

ಸಭೆ ಮುಗಿದು ಅವಳನ್ನು ಇಳಿಸಿದಾಗ ಕೇಳಿದೆ: "ಏನಂತೆ?"

"ನಮ್ಮನ್ನ ದೇಶದ ಸಂಪನ್ಮೂಲ ಅಂತ ಬರ್ದಿದಾರಂತೆ ಕಣೋ."

"ಹಂಗಂದ್ರೆ?"

"ಕಲ್ಲಿದ್ದಲು, ಕಬ್ಬಿಣದ ಅದಿರು, ನಾನು."

ಅವತ್ತಿನಿಂದ ಮನೆಯಲ್ಲಿ ಅದೇ ಮಾತು. "ಅಮ್ಮಾ, ಸಂಪನ್ಮೂಲಕ್ಕೆ ಒಂದ್ ಲೋಟ ಕಾಫಿ." "ಲೋ, ಸಂಪನ್ಮೂಲ ಸ್ನಾನಕ್ಕೆ ಹೋಗ್ಬೇಕು, ದಾರೀಲಿ ಚಪ್ಪಲಿ ಬಿಡ್ಬೇಡ." ನಾವು ನಕ್ಕೆವು. ಒಂದು ವಾರವಾದ ಮೇಲೆ, ಊಟ ಮಾಡುವಾಗ, ಯಾವ ತಮಾಷೆಯೂ ಇಲ್ಲದೆ ಹೇಳಿದಳು:

"ಬೂತಲ್ಲಿ ಇನ್ಮೇಲೆ ನಾನೇ ಕೂತ್ಕೋತೀನಿ."

ನಾನು ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದೆ. "ಯಾಕೆ, ನಾನ್ ಸರಿಯಾಗಿ ನೋಡ್ಕೋತಾ ಇಲ್ವಾ?"

"ಸರಿಯಾಗೇ ನೋಡ್ಕೋತಾ ಇದೀಯ. ಅದು ನಂದಲ್ವೇನೋ?"

ನಾನು ಅವಳಿಗಾಗುವ ಕಷ್ಟಗಳನ್ನು ಹೇಳತೊಡಗಿದೆ. ಬಿಸಿಲು, ಧೂಳು, ಕುಡುಕರು. ಬಿಸಿಲಿಗೆ ಫ್ಯಾನ್ ಇದೆ ಎಂದಳು. ಕುಡುಕರ ವಿಷಯಕ್ಕೆ ತನ್ನ ತೋಳು ತೋರಿಸಿದಳು. ಬಾತ್‌ರೂಮಿಗೆ ಏನು ಮಾಡುತ್ತೀಯ ಎಂದೆ. ಇದಕ್ಕೆ ಸೋಲುತ್ತಾಳೆ ಎಂದುಕೊಂಡಿದ್ದೆ. ಮಾರನೆಯ ದಿನ ಅವಳೇ ಸೈಕಲ್ ತಿರುಗಿಸಿಕೊಂಡು ಹೋಗಿ ಬೂತಿನ ಹಿಂದಿನ ಮನೆಯ ಆಂಟಿಯ ಹತ್ತಿರ ಮಾತಾಡಿ ಬಂದಳು. ಆ ಮನೆಗೆ ಮೆಟ್ಟಿಲಿರಲಿಲ್ಲ. ಆಂಟಿ ಒಪ್ಪಿದ್ದರು. ಅವರ ಮನೆಯ ಒಂದು ಜಾಡಿಯ ಮುಚ್ಚಳವನ್ನೂ ತೆಗೆದುಕೊಟ್ಟು ಬಂದಿದ್ದಳು.

ಉಳಿದದ್ದು ಬೂತಿನ ಆ ಎರಡು ಮೆಟ್ಟಿಲು. "ದಿನಾ ನಾನು ಎತ್ಕೊಂಡು ಹೋಗಿ ಕೂರ್ಸೋಕಾಗತ್ತಾ?" ಎಂದೆ. ಎತ್ತಲು ನನಗೇನೂ ಕಷ್ಟವಿರಲಿಲ್ಲ. ಅವಳು ಹಗುರ ಇದ್ದಳು.

"ನೀನ್ ಎತ್ಬೇಡ. ಜಾರು ಕಟ್ಟಿಸ್ತೀನಿ" ಎಂದಳು. ಮೆಟ್ಟಿಲಿನ ಪಕ್ಕಕ್ಕೆ ಸೈಕಲ್ ಹತ್ತುವಂಥ ಸಿಮೆಂಟಿನ ಇಳಿಜಾರು, ಈಗ ಎಲ್ಲರೂ ರ‍್ಯಾಂಪ್ ಎನ್ನುವುದು. ಹನುಮಪ್ಪನಿಗೆ ಹೇಳಿ ಕಳಿಸಿದಳು. ಅವನು ಬಂದು ಅಳತೆ ನೋಡಿ, "ಅಕ್ಕಾರ, ಅರ್ಧ ದಿನದ ಕೆಲಸ ಐತ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ" ಎಂದ. ಮುಂದಿನ ಭಾನುವಾರ ತಾನು ಕೆಲಸ ಮಾಡುತ್ತಿದ್ದ ಕಡೆಯಿಂದ ಉಳಿದ ಮರಳು, ಜಲ್ಲಿ ತಂದು ಕಟ್ಟಿಯೇಬಿಟ್ಟ. ಕೂಲಿ ಎಂದರೆ ಕೈಮುಗಿದ. ಕರಣೆಯಲ್ಲಿ ಮೇಲ್ಮೈ ಸವರುತ್ತಾ, "ಗಾಲಿ ಜಾರಬಾರದು ನೋಡ್ರಿ" ಎಂದು ಅಡ್ಡಡ್ಡ ಗೆರೆ ಹಾಕಿದ. ಅಕ್ಕ ಸೈಕಲ್ ಮೇಲೆ ಕೂತು ಅಷ್ಟನ್ನೂ ನೋಡಿದಳು. ನನ್ನ ಕಡೆ ತಿರುಗಿ ಹನುಮಪ್ಪ ಹೇಳಿದ: "ಎರಡ್ ದಿನ ಮುಂಜಾನೆ ಸಂಜಿ ನೀರ್ ಹೊಡೀರಿ ಅಣ್ಣಾರ. ಬುಧವಾರ ಅಕ್ಕಾರು ಗಾಡಿ ಹತ್ತಿಸಬೋದು."

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ಆಗ ನನಗೆ ಹೆಣ್ಣು ನೋಡುತ್ತಿದ್ದರು. ಮಾಗಡಿ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಹುಡುಗನಿಗೆ ವಿಜಯನಗರದಲ್ಲಿ ಸ್ವಂತ ಬೂತ್ ಇದೆ ಎಂದು ದಲ್ಲಾಳಿ ಹೇಳಿದ್ದ. ನಾನು ಅದನ್ನು ಅಲ್ಲಗಳೆದಿರಲಿಲ್ಲ. ಹುಡುಗಿಯ ತಂದೆ ಮೊದಲ ಸಲ ಬೂತಿನ ಹತ್ತಿರ ಬಂದಾಗ ಬೋರ್ಡ್ ನೋಡಿ, "ಇದು ಯಾರ ಹೆಸರಪ್ಪ?" ಎಂದು ಕೇಳಿದ್ದರು. "ನಮ್ಮಕ್ಕಂದು. ಅವಳ ಮೇಲಿನ ಪ್ರೀತಿಗೆ ಇಟ್ಟಿದೀನಿ" ಎಂದಿದ್ದೆ. ಅವರ ಕಣ್ಣಲ್ಲಿ ನೀರು ಬಂದಿತ್ತು. ಇಂಥ ಹುಡುಗ ಸಿಗುವುದು ಕಷ್ಟ ಎಂದು ಮಾಗಡಿಯಲ್ಲೆಲ್ಲ ಹೇಳಿದ್ದರಂತೆ. ಈಗ ಅವರು ಹುಡುಗಿಯ ಸೋದರಮಾವನನ್ನು ಕರೆದುಕೊಂಡು ಮತ್ತೆ ಬರುವವರಿದ್ದರು. ಬುಧವಾರ.

ಸೋಮವಾರ ಬೆಳಗಿನ ಜಾವ, ಹಾಲಿನ ವ್ಯಾನ್ ಬರುವ ಮೊದಲು, ನಾನು ಬೂತಿಗೆ ಹೋದೆ. ಕೈಯಲ್ಲಿ ಬಕೆಟ್ ನೀರಿತ್ತು, ಯಾರಾದರೂ ನೋಡಿದರೆ ರ‍್ಯಾಂಪಿಗೆ ನೀರು ಹೊಡೆಯಲು ಬಂದಿದ್ದೇನೆ ಎನ್ನಲು. ಇನ್ನೊಂದು ಕೈಯಲ್ಲಿ ಹಾರೆ ಇತ್ತು. ಸಿಮೆಂಟ್ ಇನ್ನೂ ಹಸಿಯಾಗಿತ್ತು. ಹೆಚ್ಚು ಕಷ್ಟವಾಗಲಿಲ್ಲ. ಹನುಮಪ್ಪ ಹಾಕಿದ್ದ ಗೆರೆಗಳ ಗುಂಟ ಚೆನ್ನಾಗಿ ಬಿಟ್ಟುಕೊಂಡಿತು. ಚೂರುಗಳನ್ನು ಚರಂಡಿಗೆ ತಳ್ಳಿ, ಅದೇ ಬಕೆಟ್‌ನಲ್ಲಿ ಕೈ ತೊಳೆದುಕೊಂಡೆ. ಮನೆಗೆ ಬಂದು ಅಕ್ಕನಿಗೆ ಹೇಳಿದೆ: "ಕಾರ್ಪೊರೇಷನ್‌ನವರು ಒಡೆದು ಹಾಕಿದಾರೆ ಅಕ್ಕ. ಫುಟ್‌ಪಾತ್ ಒತ್ತುವರಿ ಅಂತೆ."

ಅವಳು ನನ್ನ ಮುಖ ನೋಡಿದಳು. "ಅದನ್ನೊಂದೇ ಒಡೆದ್ರಾ?"

"ಹೂಂ."

"ಬೂತ್ ಹಂಗೇ ಇದೆಯಾ?"

"ಇದೆ."

ಅವಳು ಊದುಬತ್ತಿಯ ಹಲಗೆಯನ್ನು ಮುಂದಕ್ಕೆ ಎಳೆದುಕೊಂಡಳು, ಆದರೆ ಹೊಸೆಯಲಿಲ್ಲ. ಮಧ್ಯಾಹ್ನ ಎದುರು ಮನೆಯವರು ಒಂದು ಬಾಟಲಿ ತಂದರು. "ನಾಳೆ ಬನ್ನಿ ಆಂಟಿ, ಇವತ್ತು ಆಗಲ್ಲ" ಎಂದಳು. ಅವಳು ಆಗುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬುಧವಾರ ಸೋದರಮಾವ ಬಂದರು. ನಾನು ಕುರ್ಚಿಯಲ್ಲಿ ಕೂತಿದ್ದೆ. ಅವರು ಸುಮ್ಮನೆ ಒಂದು ಫೋನ್ ಮಾಡಿ ನೋಡಿದರು. ಲೈನ್ ಚೆನ್ನಾಗಿದೆ ಎಂದರು. ಮದುವೆ ನಿಶ್ಚಯವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯಬೇಕಾದದ್ದು ಏನೂ ಇರುತ್ತಿರಲಿಲ್ಲ. ಆದರೆ ಅಕ್ಕ ನನ್ನ ಮಾತನ್ನು ನಂಬಿದಳು. ನಂಬಿ ಕಾರ್ಪೊರೇಷನ್ ಮೇಲೆ ಜಗಳಕ್ಕೆ ಹೊರಟಳು. ಸಂಘದ ಕಾರ್ಯದರ್ಶಿಗಳಿಗೆ ವಿಷಯ ತಿಳಿಸಿದಳು. ಅಂಗವಿಕಲರು ಎಲ್ಲ ಕಡೆ ಅಡೆತಡೆ ಇಲ್ಲದೆ ಓಡಾಡುವಂತಿರಬೇಕು ಎಂದು ರಾಷ್ಟ್ರೀಯ ನೀತಿಯೇ ಹೇಳುವಾಗ ಕಾರ್ಪೊರೇಷನ್ ಅದನ್ನು ಒಡೆಯುವುದು ಹೇಗೆ ಎಂದು ಅವರೂ ಕೆರಳಿದರು. ವಾರ್ಡ್ ಆಫೀಸಿನ ಎಂಜಿನಿಯರ್ ಕೂರುವುದು ಮೇಲಿನ ಮಹಡಿಯಲ್ಲಿ. ಅಕ್ಕ ಕೆಳಗೆ, ಮೆಟ್ಟಿಲಿನ ಬುಡದಲ್ಲಿ ಸೈಕಲ್ ನಿಲ್ಲಿಸಿಕೊಂಡು ಕೂತಳು. ಜವಾನ ಬಂದು ಅರ್ಜಿ ಕೊಡಿ, ಮೇಲೆ ಕೊಡುತ್ತೇನೆ ಎಂದ.

"ಬೇಡಪ್ಪ. ಸಾಹೇಬ್ರೇ ಬರ್ಲಿ. ನಾನೂ ಅವರೂ ಸಮಾನ ಅಂತೆ. ಅವರಿಗೆ ಇಳಿಯೋಕಾದ್ರೂ ಬರತ್ತೆ."

ಸಾಹೇಬರು ಬರಲಿಲ್ಲ. ಅಕ್ಕ ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ನಾನು ದಿನಾ ಜೊತೆಗೆ ಹೋಗುತ್ತಿದ್ದೆ. ಏರು ಇರುವ ಕಡೆ ಸೈಕಲ್ ತಳ್ಳುತ್ತಿದ್ದೆ. ಬೂತು ಮುಚ್ಚಿಕೊಂಡು ಅಕ್ಕನಿಗಾಗಿ ಓಡಾಡುತ್ತಿದ್ದಾನೆ ಎಂದು ಬೀದಿಯವರು ಹೊಗಳಿದರು. ಅಷ್ಟು ಹೊತ್ತಿಗೆ ವಾರ್ಡ್ ಆಫೀಸಿಗೆ ತೆರಿಗೆ ಕಟ್ಟಲು ಬರುವವರು ಯಾವ ಕೌಂಟರಿಗೆ ಹೋಗಬೇಕೆಂದು ಅಕ್ಕನನ್ನೇ ಕೇಳಲು ಶುರುಮಾಡಿದ್ದರು. ಅವಳು ಸರಿಯಾಗಿಯೇ ಹೇಳಿ ಕಳಿಸುತ್ತಿದ್ದಳು. ಜವಾನ ಟೀ ತಂದುಕೊಡುತ್ತಿದ್ದ. ದಾರಿಯಲ್ಲಿ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಸೈಕಲ್ ಹಿಂದಿನಿಂದ ತಳ್ಳುವವನಿಗೆ ಮುಂದೆ ಕೂತವಳ ಬೆನ್ನು ಮಾತ್ರ ಕಾಣುತ್ತದೆ. ಬೆನ್ನಿಗೆ ಹೇಳುವ ವಿಷಯ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವಳು ತಿರುಗಿದಾಗಲೂ ಹೇಳಲಿಲ್ಲ.

ಕೊನೆಗೆ ಎಂಜಿನಿಯರ್ ಇಳಿದು ಬಂದರು. ಒಳ್ಳೆಯ ಮನುಷ್ಯ. ಕೆಳಗಿನ ಮೆಟ್ಟಿಲಿನ ಮೇಲೆ ಕೂತು ಮಾತಾಡಿದರು.

"ಅಮ್ಮಾ, ವಿಚಾರಿಸ್ದೆ. ನಮ್ಮವರು ಯಾರೂ ಒಡೆದಿಲ್ಲ ಅಂತಾರೆ."

"ಹಾಗಾದ್ರೆ ಯಾರು ಒಡೆದ್ರು ಸಾರ್?"

"ಅದು ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂದ್ಮೇಲೆ ನಿಮ್ಮವರೇ ಇರ್ಬೋದಲ್ವಾ?"

ಎಂಜಿನಿಯರ್ ಸ್ವಲ್ಪ ಹೊತ್ತು ಯೋಚಿಸಿದರು. "ಇರ್ಬೋದು" ಎಂದರು. ಅವರ ಪ್ರಾಮಾಣಿಕತೆಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಮಾಡದ ತಪ್ಪನ್ನು ಸರ್ಕಾರ ಒಪ್ಪಿಕೊಳ್ಳುವುದನ್ನು ನಾನು ಹೀಗೆ ಕಣ್ಣಾರೆ ನೋಡಿದೆ. ಒಪ್ಪಿಕೊಂಡ ಮೇಲೂ ಕೆಲಸ ನಿಧಾನವಾಯಿತು. ನನ್ನ ಮದುವೆ ಮೊದಲು ಆಯಿತು. ಬೂತು ಯಾರದು ಎಂಬುದು ಹೆಂಡತಿಗೆ ಮನೆಗೆ ಬಂದ ಮೇಲೆ ತಿಳಿಯಿತು. "ಅಪ್ಪನಿಗೆ ಮಾತ್ರ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ" ಎಂದಳು.

ಮಳೆಗಾಲ ಕಳೆದ ಮೇಲೆ ಕಾರ್ಪೊರೇಷನ್‌ನವರ ರ‍್ಯಾಂಪ್ ಬಂತು. ಹನುಮಪ್ಪ ಕಟ್ಟಿದ್ದಕ್ಕಿಂತ ಅಗಲವಾಗಿ, ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಕೊಳವೆ ಹಾಕಿ ಕಟ್ಟಿಸಿದ್ದರು. ಉದ್ಘಾಟನೆಗೆ ಒಂದು ಸಣ್ಣ ಕಾರ್ಯಕ್ರಮ. ಶಾಮಿಯಾನ, ಮೈಕ್, ಲಾಡು. ಕಾರ್ಯದರ್ಶಿಗಳು ಸಮಾನ ಹಕ್ಕು, ಸಮಾನ ಅವಕಾಶದ ಬಗ್ಗೆ ಮಾತಾಡಿದರು. ಅಕ್ಕನಿಗೂ ಮೈಕ್ ಕೊಟ್ಟರು. ಅವಳು ಅದೇ ರೇಷ್ಮೆ ಸೀರೆ ಉಟ್ಟಿದ್ದಳು.

"ಕಾರ್ಪೊರೇಷನ್‌ನವರು ಮೊದಲು ಒಡೆದ್ರು, ಆಮೇಲೆ ಕಟ್ಕೊಟ್ರು. ನಾನು ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ನನ್ನ ತಮ್ಮ ದಿನಾ ನನ್ನ ಗಾಡಿ ತಳ್ದ. ಅವನನ್ನ ಮೇಲೆ ಕರೀರಿ" ಎಂದಳು.

ನನ್ನನ್ನು ಮೇಲೆ ಕರೆದು ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಹನುಮಪ್ಪನೂ ಬಂದಿದ್ದ, ಅವನೂ ತಟ್ಟಿದ. ಕೆಳಗಿಳಿದು ಬಂದಾಗ ಎಂಜಿನಿಯರ್ ನನ್ನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು. ಲಾಡು ತಿನ್ನುತ್ತಾ ಮೆಲ್ಲಗೆ ಹೇಳಿದರು:

"ನಾವು ಒಡೆಯೋಕೆ ಬಂದ್ರೆ ಜೆಸಿಬಿ ತರ್ತೀವಯ್ಯ. ಬೂತೂ ಉಳಿಯಲ್ಲ, ಮೆಟ್ಲೂ ಉಳಿಯಲ್ಲ. ಅದು ಹಾರೆ ಕೆಲಸ."

ನಾನು ಶಾಲು ಸರಿಮಾಡಿಕೊಂಡೆ.

"ಇದಕ್ಕೆ ಒಳಗೆ ಕಂಬಿ ಹಾಕ್ಸಿದೀನಿ. ಸುಮ್ನೆ ಹೇಳ್ದೆ" ಎಂದು, ಕೈ ಒರೆಸಿಕೊಂಡು ಜೀಪ್ ಹತ್ತಿದರು.

ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕ ಆ ಬೂತನ್ನು ಕೊನೆಯವರೆಗೂ ನಡೆಸಿದಳು. ಎಲ್ಲರ ಕೈಗೂ ಮೊಬೈಲ್ ಬಂದು ರಸ್ತೆಯ ಮಿಕ್ಕ ಬೂತುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವಳು ಕರೆನ್ಸಿ ಹಾಕಿಕೊಡಲು ಶುರುಮಾಡಿದಳು, ಒಂದು ಜೆರಾಕ್ಸ್ ಮಿಷನ್ ಇಟ್ಟಳು. ನಾನು ಗೂಡ್ಸ್ ಆಟೋ ಓಡಿಸತೊಡಗಿದೆ. ನನ್ನ ಕೈಯಲ್ಲೇ ಇದ್ದಿದ್ದರೆ ಬೂತು ಮೊದಲು ಮುಚ್ಚಿದ ಬೂತುಗಳಲ್ಲಿ ಒಂದಾಗಿರುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವಳು ನಡೆಸಬೇಕಾಗಿದ್ದ ವರ್ಷಗಳಲ್ಲಿ, ಫೋನಿಗೆ ಜನ ಸಾಲು ನಿಲ್ಲುತ್ತಿದ್ದ ವರ್ಷಗಳಲ್ಲಿ, ಅಲ್ಲಿ ನಾನು ಕೂತಿದ್ದೆ. ಅದನ್ನು ಯಾವ ಎಂಜಿನಿಯರೂ ಕಟ್ಟಿಕೊಡಲು ಆಗುವುದಿಲ್ಲ.

ಒಂದು ಸಲ ಮಾತ್ರ ಹೇಳಲು ನಿಜವಾಗಿ ಹೋಗಿದ್ದೆ. ಉದ್ಘಾಟನೆಯ ಮಾರನೆಯ ಬೆಳಿಗ್ಗೆ. ಅಕ್ಕ ನನ್ನನ್ನು ಎಬ್ಬಿಸದೆ ಮನೆಯಿಂದ ಹೊರಟುಬಿಟ್ಟಿದ್ದಳು. ನಾನು ಓಡಿ ಹೋಗಿ ನೋಡುವಷ್ಟರಲ್ಲಿ ಸೈಕಲ್ ರ‍್ಯಾಂಪಿನ ತುದಿಯಲ್ಲಿ, ಬಾಗಿಲಿಗೆ ಅಂಟಿಕೊಂಡು ನಿಂತಿತ್ತು. ಅವಳು ಒಳಗೆ ಕುರ್ಚಿಯಲ್ಲಿದ್ದಳು. ದಿನವೂ ಉಡುವ ಹತ್ತಿ ಸೀರೆ, ತಲೆಯಲ್ಲಿ ಹೂವಿಲ್ಲ. ಬಟ್ಟೆಯಿಂದ ಫೋನ್ ಒರೆಸುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಬಾಗಿಲಿಗೆ ಅಡ್ಡವಾಗಿ ನಿಂತೆ. ಒಳಗೆ ಇದ್ದದ್ದು ಒಂದೇ ಕುರ್ಚಿ.

"ಅಕ್ಕ, ನಿಂಗೊಂದು ವಿಷ್ಯ ಹೇಳ್ಬೇಕು."

"ಫೋನ್ ಮಾಡ್ಬೇಕಾ?"

"ಇಲ್ಲ."

"ಹಂಗಾದ್ರೆ ಆ ಕಡೆ ಸರ್ಕೋ. ಹಿಂದೆ ಜನ ಇದಾರೆ."

ತಿರುಗಿ ನೋಡಿದೆ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಅವಳ ಹಿಂದೆ ಕೆಲಸಕ್ಕೆ ಹೊರಟ ಇಬ್ಬರು. ನಾನು ಮೆಟ್ಟಿಲಿಳಿದು ಪಕ್ಕಕ್ಕೆ ಸರಿದೆ. ಅವರು ಒಳಗೆ ಹೋದರು.